ಮೊದಲ ಉದ್ಯೋಗದ ಅರ್ಜಿಯಲ್ಲಿ ಸ್ವಯಂಸೇವೆಯನ್ನು ಬರೆಯುವುದು ಹೇಗೆ?

ಓದು ಮುಗಿಸಿ ಮೊದಲ ಬಾರಿಗೆ ಕೆಲಸಕ್ಕೆ ಅರ್ಜಿ ಹಾಕುವ ಯುವಕ ಯುವತಿಯರಲ್ಲಿ ಹಲವರು ‘ಅನುಭವ’ ಎಂಬ ಕಾಲಂನಲ್ಲಿ ‘ಇಲ್ಲ’ ಎಂದು ಬರೆದುಬಿಡುತ್ತಾರೆ. 2024ರ ವೇಣೂರು ಮಹಾಮಸ್ತಕಾಭಿಷೇಕದಲ್ಲಿ ಸ್ವಯಂಸೇವಕರಾಗಿದ್ದವರು, ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವರು, ಚಾತುರ್ಮಾಸದ ಖರ್ಚಿನ ಲೆಕ್ಕ ಬರೆದವರು ಕೂಡ ಹೀಗೆಯೇ ಮಾಡುವುದುಂಟು. ಮಾಡಿದ ಸೇವೆಯನ್ನು ಹೇಳಿಕೊಳ್ಳಬಾರದು ಎಂಬ ಸಂಕೋಚವೇ ಇದಕ್ಕೆ ಕಾರಣ. ಆದರೆ ಅರ್ಜಿ ಕೇಳುವುದು ಪುಣ್ಯದ ಲೆಕ್ಕವನ್ನಲ್ಲ. ಅಭ್ಯರ್ಥಿಗೆ ಯಾವ ಕೆಲಸ ಬರುತ್ತದೆ ಎಂಬುದನ್ನು.

ಬರೆಯುವ ಕ್ರಮ ಸರಳ. ಸ್ವವಿವರದಲ್ಲಿ ‘ಸ್ವಯಂಸೇವೆ’ ಎಂಬ ಪ್ರತ್ಯೇಕ ಶೀರ್ಷಿಕೆ ಕೊಟ್ಟು ಸಂಸ್ಥೆ, ಸ್ಥಳ, ಅವಧಿ ಮತ್ತು ವಹಿಸಿದ ಹೊಣೆಯನ್ನು ನಮೂದಿಸಬೇಕು. ‘ಸಮಾಜಸೇವೆಯಲ್ಲಿ ಆಸಕ್ತಿ’ ಎಂದರೆ ಓದುವವರಿಗೆ ಏನೂ ತಿಳಿಯದು. ‘ಎರಡು ವರ್ಷ ಪ್ರತಿ ಭಾನುವಾರ 20 ಮಕ್ಕಳಿಗೆ ಪಾಠ, ಹಾಜರಿ ಮತ್ತು ಪರೀಕ್ಷೆಯ ಹೊಣೆ’ ಎಂದರೆ ಶಾಲೆಯವರಿಗೆ ಕೂಡಲೇ ಅರ್ಥವಾಗುತ್ತದೆ. ಅನ್ನದಾನದ ಉಗ್ರಾಣ ನೋಡಿಕೊಂಡವರು ದಾಸ್ತಾನಿನ ಲೆಕ್ಕವನ್ನೂ, ಯಾತ್ರಿಕರ ವಿಚಾರಣಾ ಕೇಂದ್ರದಲ್ಲಿದ್ದವರು ತಾವು ಬಳಸಿದ ಭಾಷೆಗಳನ್ನೂ ಬರೆಯಬಹುದು. ಬೇಡಿದ ಹುದ್ದೆಗೆ ಹೊಂದುವ ಸೇವೆಯೇ ಮೊದಲು ಬರಲಿ.

ಜೊತೆಗೆ ಆಧಾರ ಬೇಕು. ಬಸದಿ ಸಮಿತಿಯ ಕಾರ್ಯದರ್ಶಿಯಿಂದ ಅವಧಿ ಮತ್ತು ಕೆಲಸ ನಮೂದಿಸಿದ ಪತ್ರವನ್ನು ಸೇವೆ ಮುಗಿದಾಗಲೇ ಪಡೆಯುವುದು ಒಳ್ಳೆಯದು. ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯಲ್ಲಿದ್ದು, ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು 7 ದಿನಗಳ ವಿಶೇಷ ಶಿಬಿರ ಪೂರೈಸಿದವರು ಅದರ ಪ್ರಮಾಣಪತ್ರ ಲಗತ್ತಿಸಬಹುದು.

ಸಂಬಳವಿಲ್ಲದ ಸೇವೆಯನ್ನು ನೌಕರಿಯೆಂದು ತೋರಿಸಬಾರದು. ಇಲ್ಲದ ಪದನಾಮವನ್ನು ಹಚ್ಚಿಕೊಳ್ಳಬಾರದು. ಒಂದು ದಿನದ ಕೆಲಸ ಒಂದು ತಿಂಗಳಾಗಬಾರದು. ಸರ್ಕಾರಿ ಹುದ್ದೆಗೆ ಇಷ್ಟು ವರ್ಷದ ಅನುಭವ ಬೇಕೆಂದು ಕೇಳಿದ್ದರೆ, ಯಾವುದು ಅನುಭವವೆಂದು ಪರಿಗಣಿತವಾಗುತ್ತದೆ ಎಂಬುದನ್ನು ಅಧಿಸೂಚನೆಯಲ್ಲಿ ಓದಿಯೇ ತುಂಬಬೇಕು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು, ಹೆಸರಿಸಿದೆ. ಉತ್ಪ್ರೇಕ್ಷೆಯ ಅರ್ಜಿ ಆ ದೋಷಕ್ಕೆ ಹತ್ತಿರವಾದುದು. ಮಾಡಿದ್ದನ್ನು ಮಾಡಿದಷ್ಟೇ ಬರೆಯುವುದರಲ್ಲಿ ಮಾತ್ರ ಜಂಬವೂ ಇಲ್ಲ, ಸುಳ್ಳೂ ಇಲ್ಲ. ಸಂದರ್ಶನದಲ್ಲಿ ಅದರ ಬಗ್ಗೆ ಕೇಳಿದರೆ ತಡವರಿಸದೆ ಉತ್ತರಿಸಲೂ ಆಗುತ್ತದೆ.