ಭಟ್ಟಿಯ ಕೆಂಡ ಆರಿದರೂ ಕಬಾಬಿನ ರುಚಿ ಆರದು

ಮುಂಬಯಿ: ಸಂಜೆಯಾಯಿತೆಂದರೆ ರೈಲು ನಿಲ್ದಾಣಗಳ ಹೊರಗೆ ಕಬಾಬಿನ ಘಮ ಮೂಗಿಗೆ ಬಡಿಯುವುದು ಮುಂಬಯಿಗರಿಗೆ ಹೊಸತಲ್ಲ. ಕೊಲಾಬಾದಲ್ಲಿ ತಾಜ್ ಹೋಟೆಲಿನ ಹಿಂದಿನ ಬೀದಿಯಲ್ಲಿ 1946ರಲ್ಲಿ ಆರಂಭವಾದ ಬಡೇಮಿಯಾದ ಸೀಖ್ ಕಬಾಬ್ ತಿನ್ನಲು ಕಾರಿನ ಬಾನೆಟ್ಟನ್ನೇ ಮೇಜು ಮಾಡಿಕೊಂಡವರೆಷ್ಟೋ! ತುಳು-ಕನ್ನಡಿಗರ ಹೋಟೆಲುಗಳಲ್ಲೂ ನೀರುದೋಸೆ, ಕೋರಿ ಗಸಿಯ ಜತೆಗೆ ತಂದೂರಿ ಚಿಕನ್ ಬಹುಕಾಲದಿಂದ ಇದೆ.

ಆ ಭಟ್ಟಿಯ ಕೆಂಡಕ್ಕೆ ಕುತ್ತು ಬಂದದ್ದು 2025ರಲ್ಲಿ. ವಾಯುಮಾಲಿನ್ಯದ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು ಜನವರಿಯಲ್ಲಿ, ಕಟ್ಟಿಗೆ ಮತ್ತು ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿನಂಥ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಬೆನ್ನಿಗೇ ಮಹಾನಗರಪಾಲಿಕೆಯು ಇದ್ದಿಲಿನ ತಂದೂರ್ ಇರುವ ಹೋಟೆಲ್, ಧಾಬಾಗಳಿಗೂ ನೋಟಿಸು ನೀಡಿ ಜುಲೈ 8ರ ಗಡುವು ವಿಧಿಸಿತು.

ಕೆಂಡವಿಲ್ಲದ ಕಬಾಬಿಗೆ ರುಚಿಯುಂಟೇ ಎಂಬ ಕೊರಗು ಗಿರಾಕಿಗಳದು. ಹೊಸ ಭಟ್ಟಿಯ ಖರ್ಚಿನ ಚಿಂತೆ ಮಾಲಕರದು. ಗಿರಾಕಿಗಳ ಕೊರಗಿನಲ್ಲಿ ಇರುವುದು ಅರ್ಧ ಸತ್ಯ ಮಾತ್ರ. ಹೊಗೆಯ ಆ ಸೊಗಸು ಬಹುಪಾಲು ಹುಟ್ಟುವುದು ಮಾಂಸದ ಕೊಬ್ಬು, ಮಸಾಲೆಯ ರಸ ಕೆಳಗೆ ತೊಟ್ಟಿಕ್ಕಿ ಸುಡುವಾಗ. ಆ ಕಾವನ್ನು ಗ್ಯಾಸಿನ ಭಟ್ಟಿಯೂ ಕೊಡಬಲ್ಲದು. ಮೊಸರು, ಶುಂಠಿ, ಬೆಳ್ಳುಳ್ಳಿಯಲ್ಲಿ ಹದವಾಗಿ ನೆನೆಸುವ ಕೈಗುಣವಂತೂ ಇಂಧನದೊಂದಿಗೆ ಬದಲಾಗದು.

ಇನ್ನೊಂದು ಮಾತನ್ನೂ ಮರೆಯಲಾಗದು. ನಾವು ಅರ್ಧ ತಾಸು ಕುಳಿತು ತಿಂದು ಏಳುತ್ತೇವೆ, ಭಟ್ಟಿಯ ಕೆಲಸಗಾರರು ದಿನವಿಡೀ ಆ ಹೊಗೆ ಕುಡಿಯುತ್ತಾರೆ.

ಮುಂದಿನ ಸಲ ಸಂಘದ ಸಭೆ ಮುಗಿಸಿ ಊಟಕ್ಕೆ ಹೊರಟಾಗ, ಗ್ಯಾಸಿಗೆ ಬದಲಾದ ನಮ್ಮವರ ಹೋಟೆಲಿನಲ್ಲೇ ಒಂದು ಪ್ಲೇಟ್ ತಂದೂರಿ ತರಿಸಿ ನೋಡೋಣ. ಖರ್ಚು ಮಾಡಿದ ಮಾಲಕರಿಗೂ ಅದು ಧೈರ್ಯ ಕೊಟ್ಟೀತು.