ತಿಳಿನೀರೆಲ್ಲ ಆರೋಗ್ಯದ ನೀರಲ್ಲ



ನಾನು ನಿವೃತ್ತನಾದ ಮೇಲೆ, ಮೊಮ್ಮಗಳ ಒತ್ತಾಯದಿಂದ ಬೈಲಹೊಂಗಲದ ನಮ್ಮ ಮನೆಗೆ ಗಾಜಿನ ತೊಟ್ಟಿಯೊಂದು ಬಂದಿತು. ಅದರಲ್ಲಿ ನಾಲ್ಕು ಬಂಗಾರದ ಮೀನುಗಳು. ಒಂದು ದಿನ ನೀರು ತುಸು ಮಬ್ಬಾದುದನ್ನು ಕಂಡು, ಅದನ್ನೆಲ್ಲ ಚೆಲ್ಲಿ, ತಳದ ಹರಳುಗಳನ್ನೂ ಸೋಸುವ ಸ್ಪಂಜನ್ನೂ ತಿಕ್ಕಿ ತೊಳೆದು, ನೇರವಾಗಿ ನಳದ ನೀರು ತುಂಬಿದೆ. ಮೂರನೆಯ ದಿನ ಎರಡು ಮೀನು ಸತ್ತವು. ಉಳಿದೆರಡು ಮೇಲೆ ಬಂದು ಬಾಯಿ ಬಿಡುತ್ತಿದ್ದವು. “ಅಜ್ಜಾ, ಏನರ ಔಷಧ ಹಾಕು” ಎಂದು ಮಗು ಅತ್ತಿತು.

ಔಷಧ ಬೇಕಾಗಿದ್ದುದು ಮೀನಿಗಲ್ಲ, ನೀರಿಗೆ. ಮೀನು ತನ್ನ ಕಿವಿರುಗಳಿಂದ ಅಮೋನಿಯವೆಂಬ ವಿಷವನ್ನು ಹೊರಬಿಡುತ್ತದೆ. ಹರಳು, ಸ್ಪಂಜುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಸವದತ್ತಿಯ ನವಿಲುತೀರ್ಥವನ್ನು ದಾಟಿ ರಾಮದುರ್ಗದತ್ತ ಹರಿಯುವ ಮಲಪ್ರಭೆಯಲ್ಲಿಯೂ ಈ ಕೆಲಸ ಸದ್ದಿಲ್ಲದೆ ನಡೆದಿರುತ್ತದೆ. ನಾನು ಕೊಳೆಯೆಂದು ತಿಕ್ಕಿ ತೆಗೆದದ್ದು ಆ ಜೀವಿಗಳನ್ನೇ. ಅಳಿದುಳಿದವನ್ನು ನಳದ ನೀರಿನ ಕ್ಲೋರಿನ್ ಕೊಂದಿತು.

ಎರಡು ದಿನ ಆಹಾರ ನಿಲ್ಲಿಸಿ, ಗಾಳಿಯ ಪಂಪನ್ನು ಹಗಲಿರುಳೂ ನಡೆಸಿದೆವು. ಕ್ಲೋರಿನ್ ಹಾರಿಹೋಗಲೆಂದು ಅಗಲಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟ ನೀರಿನಿಂದ ದಿನಕ್ಕೆ ಕಾಲು ಭಾಗವನ್ನಷ್ಟೇ ಬದಲಿಸಿದೆವು. ಸೂಕ್ಷ್ಮಜೀವಿಗಳು ಮತ್ತೆ ನೆಲೆಗೊಳ್ಳಲು ಹಲವು ವಾರಗಳೇ ಬೇಕು. ಅಲ್ಲಿಯವರೆಗೆ ಈ ತಾಳ್ಮೆಯೇ ಚಿಕಿತ್ಸೆ.

ಎರಡು ಮೀನು ಉಳಿದವು. ಸ್ಪಂಜನ್ನು ಈಗ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡುತ್ತೇನೆ. ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಾಳೆ. ಸತ್ತ ಎರಡರ ಲೆಕ್ಕವನ್ನು ಅವಳಿನ್ನೂ ಮರೆತಿಲ್ಲ.