ಅಜ್ಜಿಯ ಕಾಲಿನ ಕಸುವು

ಮನೆಯಲ್ಲಿ ಅಜ್ಜಿ ಇರುವ ಮಕ್ಕಳೆಲ್ಲ ಈ ಭಾನುವಾರ ಒಂದು ಪರೀಕ್ಷೆ ನಡೆಸಬಹುದು. ಕೈ ಇಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಅಜ್ಜಿ ಅದರಲ್ಲಿ ಕುಳಿತು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಳ್ಳಲಿ. ಪಕ್ಕದಲ್ಲಿ ಅಪ್ಪನೋ ಅಮ್ಮನೋ ನಿಂತಿರಲಿ. ನೀವು ಗಡಿಯಾರ ಹಿಡಿದು ‘ಶುರು’ ಎನ್ನಿ. 30 ಸೆಕೆಂಡಿನಲ್ಲಿ ಅಜ್ಜಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಮತ್ತೆ ಕೂರುತ್ತಾರೆ ಎಂದು ಎಣಿಸಿ.

ಇದು ಆಟದ ಹಾಗೆ ಕಂಡರೂ ಆಟವಲ್ಲ. ವೃದ್ಧರನ್ನು ನೋಡುವ ವೈದ್ಯರು ಬಳಸುವ ಪರೀಕ್ಷೆ ಇದು. 65ರಿಂದ 69 ವಯಸ್ಸಿನ ಹೆಂಗಸರು ಕನಿಷ್ಠ 11 ಸಲ, 70ರಿಂದ 79ರವರು 10 ಸಲ, 80ರಿಂದ 84ರವರು 9 ಸಲ ಏಳಬೇಕು. ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಕೈ ಊರದೆ ಏಳಲೇ ಆಗದಿದ್ದರೆ ಅಂಕ ಸೊನ್ನೆ. ಸೊನ್ನೆ ಬಂದರೂ ಗಾಬರಿ ಬೇಡ. ಈ ಅಂಕವನ್ನು ಹೆಚ್ಚಿಸಬಹುದು ಎಂದು ಹೇಳುವುದಕ್ಕೇ ಈ ಲೇಖನ.

ಕರಗುವ ಮಾಂಸಖಂಡ

ವಯಸ್ಸಾದಂತೆ ಕೂದಲು ನರೆಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾಂಸಖಂಡ ಕರಗುವುದು ಯಾರಿಗೂ ಕಾಣುವುದಿಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಕರಗುತ್ತ ಹೋಗುತ್ತದೆ. ಅರವತ್ತರ ನಂತರ ಈ ಇಳಿಕೆ ಇನ್ನೂ ಚುರುಕು. ತೂಕದ ಯಂತ್ರದಲ್ಲಿ ಇದು ಗೊತ್ತಾಗುವುದಿಲ್ಲ. ಏಕೆಂದರೆ ಹೋದ ಮಾಂಸದ ಜಾಗದಲ್ಲಿ ಕೊಬ್ಬು ಬಂದು ಕೂತಿರುತ್ತದೆ. ಖಾತೆಯ ಮೊತ್ತ ಅಷ್ಟೇ ಇದೆ, ಒಳಗಿನ ಆಸ್ತಿ ಮಾತ್ರ ಬದಲಾಗಿದೆ ಎಂದು ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳಬಹುದು.

ಇದಕ್ಕೆ 1989ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸಾರ್ಕ್ಸ್ ಎಂದರೆ ಮಾಂಸ, ಪೀನಿಯಾ ಎಂದರೆ ಕೊರತೆ. ಹೆಸರು ಬರುವವರೆಗೆ ಎಲ್ಲರೂ ಇದನ್ನು ‘ವಯಸ್ಸಾಯ್ತಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಈಗಲೂ ಹಾಗೆಯೇ ಮುಗಿಸುತ್ತೇವೆ.

ಹೆಂಗಸರಿಗೆ ಇದರ ಪೆಟ್ಟು ಜಾಸ್ತಿ. ಗಂಡಸರಿಗಿಂತ ಅವರ ಮಾಂಸಖಂಡದ ಬಂಡವಾಳ ಮೊದಲಿನಿಂದಲೇ ಕಡಿಮೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಇಳಿದು ಮೂಳೆಯೂ ಬೇಗ ಸವೆಯುತ್ತದೆ. ಬಲವಿಲ್ಲದ ಕಾಲು ಎಡವಿಸುತ್ತದೆ, ಸವೆದ ಮೂಳೆ ಮುರಿಯುತ್ತದೆ. ಸೊಂಟದ ಬಳಿ ತೊಡೆಮೂಳೆ ಮುರಿದು ಹಾಸಿಗೆ ಹಿಡಿದರೆ ಉಳಿದ ಮಾಂಸವೂ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಎಷ್ಟೋ ಅಜ್ಜಿಯರು ಆ ಹಾಸಿಗೆಯಿಂದ ಮೊದಲಿನ ಹಾಗೆ ಏಳುವುದೇ ಇಲ್ಲ. ಬಚ್ಚಲಿಗೆ ಹೋಗಿ ಬರಲು ಇನ್ನೊಬ್ಬರನ್ನು ಕರೆಯಬೇಕಾದ ದಿನ ಬರಬಾರದು ಎಂಬುದೇ ಹೆಚ್ಚಿನ ಹಿರಿಯ ಹೆಂಗಸರ ಪ್ರಾರ್ಥನೆ. ಆ ಪ್ರಾರ್ಥನೆಯ ಅರ್ಧ ಭಾಗ ತೊಡೆಯ ಬಲದಲ್ಲಿದೆ.

ಕೌಂಟರಿನ ಹಿಂದಿನಿಂದ ಕಂಡದ್ದು

ನಾನು ವೈದ್ಯನಲ್ಲ, ಓದಿದ್ದು ಬಿ.ಕಾಂ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ದುಡಿದವನು. ನವೆಂಬರ್ ಬಂತೆಂದರೆ ಜೀವಿತ ಪ್ರಮಾಣಪತ್ರ ಕೊಡಲು ಪಿಂಚಣಿದಾರರ ಸಾಲು ಬಾಗಿಲವರೆಗೂ ಇರುತ್ತಿತ್ತು. ಕುಟುಂಬ ಪಿಂಚಣಿ ಪಡೆಯುವ ಅಮ್ಮಂದಿರು ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಟೋಕನ್ ನಂಬರು ಕೂಗಿದಾಗ ಒಂದು ಸಲ ಏಳಲು ನೋಡಿ, ಆಗದೆ ಕುಳಿತು, ಇನ್ನೊಂದು ಸಲ ಪಕ್ಕದವರ ಭುಜ ಹಿಡಿದು ಏಳುವವರು ಅನೇಕರು. ಅದೇ ವಯಸ್ಸಿನ ತರಕಾರಿ ಮಾರುವ ಹೆಂಗಸು ತಲೆಯ ಮೇಲಿನ ಬುಟ್ಟಿಯನ್ನು ಬಾಗಿಲಲ್ಲಿ ಇಳಿಸಿ, ಒಳಗೆ ಬಂದು ದುಡ್ಡು ಕಟ್ಟಿ, ಮತ್ತೆ ಬುಟ್ಟಿ ಏರಿಸಿಕೊಂಡು ಹೋಗುತ್ತಿದ್ದಳು.

ಹಾಗೆಂದು ಬುಟ್ಟಿ ಹೊರುವುದೇ ಆರೋಗ್ಯ ಎಂದು ನಾನು ಹೇಳುವುದಿಲ್ಲ. ಹೊಟ್ಟೆಗೆ ಸಾಲದೆ, ಬಿಡುವಿಲ್ಲದೆ ದುಡಿದವರ ಮಂಡಿ ಮತ್ತು ಬೆನ್ನು ಬೇಗ ಸವೆಯುತ್ತವೆ. ಆದರೆ ಭಾರ ಹೊತ್ತ ಮೈ ಬಲ ಉಳಿಸಿಕೊಳ್ಳುತ್ತದೆ ಎಂಬುದಂತೂ ನಿಜ. ನಮ್ಮ ತಾಯಂದಿರು ಬಾವಿಯಿಂದ ನೀರು ಸೇದಿದರು, ಒರಳಲ್ಲಿ ರುಬ್ಬಿದರು, ನೆಲದ ಮೇಲೆ ಕುಳಿತು ಉಂಡು ಎದ್ದರು. ಮೋಟಾರು, ಮಿಕ್ಸಿ, ಊಟದ ಮೇಜು ಬಂದು ಕಷ್ಟ ತಪ್ಪಿತು, ಒಳ್ಳೆಯದೇ ಆಯಿತು. ಆ ಕಷ್ಟದೊಳಗೆ ಸೇರಿಕೊಂಡಿದ್ದ ವ್ಯಾಯಾಮವೂ ಜೊತೆಯಲ್ಲೇ ಹೋಯಿತು. ಅದನ್ನು ಈಗ ಬೇರೆಯಾಗಿ ಮಾಡಿಕೊಳ್ಳಬೇಕು.

ತೊಂಬತ್ತರಲ್ಲೂ ತಡವಾಗಿಲ್ಲ

‘ಈ ವಯಸ್ಸಿನಲ್ಲಿ ಇನ್ನೇನು ವ್ಯಾಯಾಮ’ ಎನ್ನುವವರು ಈ ಲೆಕ್ಕ ಕೇಳಬೇಕು. ಅಮೆರಿಕದ ಬಾಸ್ಟನ್ನಿನಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧರ ಆಶ್ರಯಧಾಮದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90. ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಇದು ಪ್ರಕಟವಾದದ್ದು 1990ರಲ್ಲಿ. ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಬಲ ಶೇ 32ರಷ್ಟು ಇಳಿಯಿತು ಎಂಬುದನ್ನೂ ಗಮನಿಸಿ. 1994ರಲ್ಲಿ ನೂರು ಮಂದಿಯ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ವ್ಯಾಯಾಮ ಮಾಡಿದವರ ನಡಿಗೆ ಮತ್ತು ಮೆಟ್ಟಿಲು ಹತ್ತುವ ಶಕ್ತಿ ಹೆಚ್ಚಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಕುಡಿದವರ ದೌರ್ಬಲ್ಯ ಕಡಿಮೆಯಾಗಲಿಲ್ಲ. ದುಬಾರಿ ಪುಡಿಯ ಡಬ್ಬ ತಂದುಕೊಟ್ಟು ಕರ್ತವ್ಯ ಮುಗಿಯಿತು ಎಂದುಕೊಳ್ಳುವ ಮಕ್ಕಳು ಇದನ್ನು ನೆನಪಿಡಬೇಕು.

ನಮ್ಮ ದೇಶದವರೇ ಆದ ಪಂಜಾಬಿನ ಮಾನ್ ಕೌರ್ ಓಟ ಶುರು ಮಾಡಿದ್ದು 93ನೇ ವಯಸ್ಸಿನಲ್ಲಿ, ಮಗನ ಒತ್ತಾಸೆಯಿಂದ. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 101ರ ಆಕೆ 100 ಮೀಟರ್ ಓಡಿ ಚಿನ್ನದ ಪದಕ ಗೆದ್ದರು. ಕೇರಳದ ವಡಗರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ಮೇಲೂ ಸೀರೆ ಉಟ್ಟೇ ಕತ್ತಿ ಹಿಡಿದು ಕಳರಿಪಯಟ್ಟು ಕಲಿಸಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲ್ಲ ಅಜ್ಜಿಯರೂ ಓಡಬೇಕಿಲ್ಲ, ಕತ್ತಿ ಹಿಡಿಯಬೇಕಿಲ್ಲ. ಕುರ್ಚಿಯಿಂದ ತಾವೇ ಎದ್ದರೆ ಸಾಕು.

ಮನೆಯಲ್ಲೇ ಮಾಡುವ ಐದು ಅಭ್ಯಾಸ

ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬಾರದು. ಆದರೆ ಬಲಕ್ಕೆ ಅದೊಂದೇ ಸಾಲದು. ವಾರಕ್ಕೆ ಕನಿಷ್ಠ ಎರಡು ದಿನ ಮಾಂಸಖಂಡಕ್ಕೆ ಬಲ ಕೊಡುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

1. ಕುರ್ಚಿಯಿಂದ ಏಳುವುದು: ಮೊದಲು ಕೈ ಊರಿ, ಕ್ರಮೇಣ ಕೈ ಬಿಟ್ಟು. ಕೂರುವಾಗ ದೊಪ್ಪನೆ ಬೀಳದೆ ನಿಧಾನವಾಗಿ ಕೂರಬೇಕು. ಹತ್ತು ಸಲ.

2. ಹಿಮ್ಮಡಿ ಎತ್ತುವುದು: ಅಡುಗೆಮನೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ನಿಧಾನವಾಗಿ ಇಳಿಯುವುದು. ಹಾಲು ಉಕ್ಕುವವರೆಗೆ ಕಾಯುವ ಹೊತ್ತು ಇದಕ್ಕೆ ಸಾಕು.

3. ಗೋಡೆ ತಳ್ಳುವುದು: ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈ ಊರಿ, ಮೊಣಕೈ ಮಡಿಸಿ ಮುಂದೆ ಬಾಗಿ, ತಳ್ಳಿ ಹಿಂದೆ ಬರುವುದು.

4. ನೀರಿನ ಬಾಟಲಿ ಎತ್ತುವುದು: ಅರ್ಧ ಲೀಟರ್ ನೀರು ಅರ್ಧ ಕಿಲೋ ಭಾರ. ಎರಡೂ ಕೈಯಲ್ಲಿ ಒಂದೊಂದು ಹಿಡಿದು ಮೊಣಕೈ ಮಡಿಸಿ ಎತ್ತಬೇಕು. ಸಲೀಸಾದಾಗ ಒಂದು ಲೀಟರಿನದು.

5. ಒಂಟಿ ಕಾಲಲ್ಲಿ ನಿಲ್ಲುವುದು: ಕಟ್ಟೆ ಹಿಡಿದುಕೊಂಡೇ, ಒಂದೊಂದು ಕಾಲಿಗೆ ಹತ್ತು ಎಣಿಸುವವರೆಗೆ.

ಗುಟ್ಟು ಇರುವುದು ‘ಸ್ವಲ್ಪ ಹೆಚ್ಚಿಸುವುದ’ರಲ್ಲಿ. ಹತ್ತು ಸಲ ಸುಲಭವಾದರೆ ಹನ್ನೆರಡು, ಇಲ್ಲವೇ ಇನ್ನೊಂದಿಷ್ಟು ಭಾರ. ಕೊನೆಯ ಎರಡು ಸಲ ಪ್ರಯಾಸ ಎನಿಸಬೇಕು. ಮರುದಿನ ಸ್ವಲ್ಪ ಮೈಕೈ ನೋವು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಉಸಿರು ಬಿಗಿಹಿಡಿಯಬಾರದು. ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಹೊಸ ಶಸ್ತ್ರಚಿಕಿತ್ಸೆ, ಮೂಳೆ ಸವೆತ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ತಟ್ಟೆಯ ಲೆಕ್ಕ

ಗೋಡೆ ಕಟ್ಟಲು ಇಟ್ಟಿಗೆ ಬೇಕಲ್ಲ, ಮಾಂಸಖಂಡಕ್ಕೆ ಆ ಇಟ್ಟಿಗೆ ಪ್ರೋಟೀನ್. ವಯಸ್ಸಾದವರಿಗೆ ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಎಂಬುದು ತಜ್ಞರ ಸಲಹೆ. 55 ಕಿಲೋ ತೂಕದ ಅಜ್ಜಿಗೆ 55ರಿಂದ 66 ಗ್ರಾಂ.

ಅನ್ನ, ಮುದ್ದೆ, ಚಪಾತಿ ಸೇರಿ 200 ಗ್ರಾಂ ಧಾನ್ಯದಿಂದ ಸುಮಾರು 15 ಗ್ರಾಂ. ಎರಡು ಹೊತ್ತಿಗೆ 60 ಗ್ರಾಂ ಬೇಳೆಯಿಂದ 13. ಹಾಲು ಮೊಸರು ಸೇರಿ 400 ಮಿ.ಲೀ.ನಿಂದ 13. ಒಂದು ಹಿಡಿ ಕಡಲೆಕಾಯಿಬೀಜದಿಂದ 7, ಮೊಳಕೆ ಬರಿಸಿದ ಒಂದು ಹಿಡಿ ಹೆಸರುಕಾಳಿನಿಂದ 7. ಒಟ್ಟು 55. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಇನ್ನೂ 6.

ಈಗ ನಿಮ್ಮ ಮನೆಯ ಅಜ್ಜಿಯ ತಟ್ಟೆ ನೋಡಿ. ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತು, ತಳದಲ್ಲಿ ಬೇಳೆ ಮುಗಿದ ತಿಳಿಸಾರಿನಲ್ಲಿ ಅನ್ನ ಕಲಸಿಕೊಂಡು, ರಾತ್ರಿಗೆ ‘ನನಗೆ ಹಸಿವಿಲ್ಲ’ ಎಂದು ಎರಡು ರಸ್ಕು ತಿನ್ನುವ ಅಭ್ಯಾಸವಿದ್ದರೆ ಲೆಕ್ಕ ಅರ್ಧಕ್ಕೂ ಬರುವುದಿಲ್ಲ. ಹಲ್ಲಿಲ್ಲದವರಿಗೆ ಕಡಲೆಕಾಯಿ ಪುಡಿ ಮಾಡಿ, ಕಾಳು ಮೆತ್ತಗೆ ಬೇಯಿಸಿ ಕೊಡಬಹುದು. ಕಿಡ್ನಿಯ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಮನೆಯವರು ಮಾಡಬೇಕಾದ್ದು

ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ರಾತ್ರಿ ದಾರಿಯಲ್ಲೊಂದು ಸಣ್ಣ ದೀಪ, ಜಾರದ ಚಪ್ಪಲಿ ಇರಲಿ. ಜಾರುವ ಕಾಲೊರಸು ತೆಗೆದುಹಾಕಿ. ಕಣ್ಣಿನ ಪರೀಕ್ಷೆ ಮಾಡಿಸಿ.

ಇವೆಲ್ಲ ಸುಲಭ. ಕಷ್ಟವಾದದ್ದು ಇನ್ನೊಂದಿದೆ. ‘ನೀವು ಕೂತ್ಕೊಳ್ಳಿ ಅಮ್ಮ, ನಾವು ಮಾಡ್ತೀವಿ’ ಎಂಬ ಮಾತು ಪ್ರೀತಿಯದೇ. ದಿನಕ್ಕೆ ಹತ್ತು ಸಲ ಹೇಳಿದರೆ ಅದೇ ಪ್ರೀತಿ ಅವರನ್ನು ಕುರ್ಚಿಗೆ ಕಟ್ಟಿಹಾಕುತ್ತದೆ. ಭಾರದ ಗ್ಯಾಸ್ ಸಿಲಿಂಡರ್ ಎತ್ತಿಸಬೇಡಿ. ತರಕಾರಿ ಚೀಲ ಒಂದು ಕೈಯಲ್ಲಿ ಅವರೂ ಹಿಡಿಯಲಿ, ಬಟ್ಟೆ ಒಣಹಾಕಲಿ, ಗಿಡಕ್ಕೆ ನೀರು ಹಾಕಲಿ. ಏಳುವುದು ತಡವಾದರೆ ಕೈಹಿಡಿದು ಎಳೆಯುವ ಮೊದಲು ಒಂದು ಕ್ಷಣ ಕಾಯಿರಿ.

ಮಕ್ಕಳಿಗೆ ಒಂದು ಕೆಲಸ. ಹಳೆಯ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಹೆಸರಲ್ಲಿ ಒಂದು ಪುಟ ತೆರೆಯಿರಿ. ವಾರಕ್ಕೊಮ್ಮೆ ಪರೀಕ್ಷೆಯ ಅಂಕ, ತಾರೀಖು ಬರೆಯಿರಿ. ಎಂಟು ವಾರ ಬಿಡದೆ ನಡೆಸಿ. ಮೊದಲ ವಾರದ ಅಂಕಕ್ಕಿಂತ ಕೊನೆಯ ವಾರದ್ದು ಎರಡು ಹೆಚ್ಚಿದ್ದರೂ ಅದು ದೊಡ್ಡ ಗಳಿಕೆ. ಅಜ್ಜಿಗೆ ಅದನ್ನು ಓದಿ ಹೇಳಿ.